ಶೋಕೇಸು ಖಾಲಿಯಾದ ಮೇಲೆ

1980ರ ಅಥವಾ 90ರ ದಶಕದಲ್ಲಿ ಕಟ್ಟಿದ ಮಧ್ಯಮವರ್ಗದ ಮನೆಗಳಲ್ಲಿ ನಡುಮನೆಯ ಒಂದು ಗೋಡೆಯನ್ನು ಪೂರ್ತಿ ಶೋಕೇಸಿಗೆ ಬರೆದುಕೊಟ್ಟಿರುತ್ತಾರೆ. ನಟ್ಟನಡುವೆ ಟಿವಿಗೆಂದು ಬಡಗಿ ಬಿಟ್ಟ ದೊಡ್ಡ ಗೂಡು, ಮೇಲೆ ಗಾಜಿನ ಬಾಗಿಲ ಹಿಂದೆ ಚನ್ನಪಟ್ಟಣದ ಗೊಂಬೆ, ಮದುವೆಗೆ ಯಾರೋ ಕೊಟ್ಟು ಯಾರೂ ಬಳಸದ ಟೀ ಸೆಟ್ಟು, ಪಕ್ಕದ ಅಂಗೈ ಅಗಲದ ಖಾನೆಗಳಲ್ಲಿ ಬೆನ್ನು ತೋರಿಸಿ ನಿಂತ ಕ್ಯಾಸೆಟ್ಟುಗಳು. ಆ ಗೂಡಿನ ಅಳತೆ ಹಿಂದಕ್ಕೆ ಹೊಟ್ಟೆ ಬಂದಿದ್ದ ಹಳೆಯ ಟಿವಿಯದು. ಈಗಿನದು ತೆಳ್ಳಗಾದರೂ ಅಗಲವಾಗಿ ಬೆಳೆದಿರುವುದರಿಂದ ಅದರೊಳಗೆ ಹಿಡಿಸದೆ ಗೋಡೆ ಹತ್ತಿದೆ. ಕ್ಯಾಸೆಟ್ಟಿನ ಖಾನೆಗಳಲ್ಲಿ ಔಷಧಿ ಚೀಟಿ, ಸತ್ತ ಬ್ಯಾಟರಿ, ಯಾವ ಯಂತ್ರದ್ದೆಂದು ತಿಳಿಯದ ರಿಮೋಟು ಸೇರಿಕೊಂಡಿವೆ. ಡಿಜಿಟಲ್ ತಂತ್ರಜ್ಞಾನ ಮನೆಯ ಮನರಂಜನೆಗೆ ಏನು ಮಾಡಿತು ಎಂದು ಕೇಳಿದರೆ ಜನ ಚಿತ್ರದ ಸ್ಪಷ್ಟತೆಯ ಬಗ್ಗೆ, ಸಿಗುವ ಸರಕಿನ ರಾಶಿಯ ಬಗ್ಗೆ ಹೇಳುತ್ತಾರೆ. ನನಗೆ ಕಾಣುವ ಮಟ್ಟಿಗೆ ದೊಡ್ಡ ಬದಲಾವಣೆ ಈ ಖಾನೆಗಳಲ್ಲಿದೆ. ಮನೆಯಲ್ಲಿ ಕೂತು ನೋಡುತ್ತೇವೆ, ನಿಜ. ನೋಡುವ ವಸ್ತು ಮನೆಯಲ್ಲಿಲ್ಲ. ಮಾರುತ್ತಿದ್ದ ಉದ್ಯಮ ಬಾಡಿಗೆಗೆ ಕೊಡುವ ಉದ್ಯಮವಾಯಿತು, ಒಡೆಯರಾಗಿದ್ದವರು ಒಕ್ಕಲಾದೆವು.

ಅದು ಮನೆಯಲ್ಲಿ ಇದ್ದದ್ದಾದರೂ ಯಾವಾಗ ಎಂದು ಯಾರಾದರೂ ತಕ್ಷಣ ಅಡ್ಡ ಬರಬಹುದು. ರೇಡಿಯೊದಲ್ಲಿ ಬಂದ ಹಾಡನ್ನು ಯಾರು ಕಟ್ಟಿಟ್ಟುಕೊಂಡಿದ್ದರು? ಸರಿಯಾದ ಮಾತೇ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದಾಗ ಯಂತ್ರದ ಶಕ್ತಿ 30 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬಿನ ಅರ್ಧದಷ್ಟು. ಆ ಪುಟ್ಟ ನಿಲಯಕ್ಕೆ ಸಿಕ್ಕ ಹೆಸರು ಆಕಾಶವಾಣಿ; ಮುಂದೆ ಇಡೀ ದೇಶದ ಬಾನುಲಿ ಅದೇ ಹೆಸರು ಹೊತ್ತುಕೊಂಡಿತು. ಹೆಸರಿನಲ್ಲೇ ಅದರ ಸ್ವಭಾವವಿದೆ: ಆಕಾಶದ ಮಾತು ಆಡಿದ ಗಳಿಗೆಯಲ್ಲಿ ಕಿವಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಟಿವಿಯೂ ಅದೇ ಜಾಡಿನಲ್ಲಿ ಬಂತು, ಅದೂ ಕರ್ನಾಟಕಕ್ಕೆ ಬೆಂಗಳೂರಿನ ಮೂಲಕ ಬರಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಹೋಯಿತು; ನಮ್ಮಲ್ಲಿ ರಾಯಚೂರು, ಗುಲಬರ್ಗಾ, ಬಿಜಾಪುರದ ಹಳ್ಳಿಗಳು ರಾಜಧಾನಿಗಿಂತ ಮೊದಲೇ ಅದರ ಮುಂದೆ ಕೂತವು. ಒಂದು ಊರಿಗೆ ಒಂದು ಟಿವಿ. 1987ರಲ್ಲಿ ದೂರದರ್ಶನದ ‘ರಾಮಾಯಣ’ ಶುರುವಾದಾಗಲೂ ಭಾನುವಾರದ ಬೆಳಗು ಅವರದಾಗಿತ್ತು, ಸ್ನಾನ ಮುಗಿಸಿ ಹಾಜರಾಗುವ ಕರ್ತವ್ಯ ನಮ್ಮದಾಗಿತ್ತು. ಆದರೆ ಪ್ರಸಾರ ಎಂದೂ ತಾನು ನಿಮ್ಮ ಸ್ವತ್ತು ಎಂದು ಹೇಳಿಕೊಳ್ಳಲಿಲ್ಲ, ಅದಕ್ಕೆ ದುಡ್ಡನ್ನೂ ತಿಂಗಳು ತಿಂಗಳು ವಸೂಲು ಮಾಡಲಿಲ್ಲ. ಅದು ಮಳೆಯಿದ್ದಂತೆ. ಹಿಡಿದಿಡಲು ಪಾತ್ರೆ ಬೇರೆ ಬೇಕಿತ್ತು.

ಆ ಪಾತ್ರೆಯೇ ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದು, ಬೇರೆ ತಯಾರಕರಿಗೂ ರಾಯಲ್ಟಿಯಿಲ್ಲದೆ ಬಿಟ್ಟುಕೊಟ್ಟದ್ದರಿಂದ ಜಗತ್ತಿನ ಎಲ್ಲ ಟೇಪ್‌ರೆಕಾರ್ಡರುಗಳಿಗೂ ಒಂದೇ ಅಳತೆಯ ಊಟವಾಯಿತು. ಅದಕ್ಕೂ ಮುಂಚೆ ಹಾಡನ್ನು ಕೊಳ್ಳುವುದೆಂದರೆ ಗ್ರಾಮಫೋನ್ ತಟ್ಟೆ ಕೊಳ್ಳುವುದು. ತಟ್ಟೆ ಅಚ್ಚು ಹಾಕಲು ಕಾರ್ಖಾನೆ ಬೇಕು. ಆ ಕಾರ್ಖಾನೆ ಕಲ್ಕತ್ತದ ಡಂಡಂನಲ್ಲಿ ಎಚ್.ಎಂ.ವಿ.ಯವರ ಕೈಯಲ್ಲಿತ್ತು. ಯಾವ ಭಾಷೆಯ ಯಾವ ಹಾಡು ಮನೆಗೆ ಬರಬೇಕು ಎಂಬುದು ಬಹುಮಟ್ಟಿಗೆ ಒಂದೇ ಬಾಗಿಲಲ್ಲಿ ತೀರ್ಮಾನವಾಗುತ್ತಿತ್ತು. ಕ್ಯಾಸೆಟ್ಟಿಗೆ ಕಾರ್ಖಾನೆ ಬೇಡ, ಪ್ರತಿ ತೆಗೆಯುವ ಯಂತ್ರ ಇಟ್ಟುಕೊಳ್ಳಲು ಒಂದು ಕೋಣೆ ಸಾಕು. ಕನ್ನಡದಲ್ಲಿ ಇದರ ಫಲ ಕಣ್ಣಿಗೆ ಕಾಣುವಂತಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ, ಕವಿತೆ ಪಠ್ಯಪುಸ್ತಕದಿಂದಿಳಿದು ಅಡುಗೆಮನೆಗೆ ಬಂತು. ಒಗ್ಗರಣೆಯ ಸದ್ದಿನ ಜೊತೆ ಭಾವಗೀತೆ ಕೇಳುವುದು ಒಂದು ತಲೆಮಾರಿನ ಅಭ್ಯಾಸವಾಯಿತು. ಹರಿಕಥೆ, ತಾಳಮದ್ದಳೆ, ಕಂಪನಿ ನಾಟಕ, ಶರೀಫರ ತತ್ವಪದ, ಊರ ದೇವರ ಮೇಲಿನ ಭಕ್ತಿಗೀತೆ ಎಲ್ಲವೂ ಜಾತ್ರೆಯ ಅಂಗಡಿಯಲ್ಲಿ ಬಳೆ-ಬತ್ತಾಸಿನ ಪಕ್ಕದಲ್ಲಿ ಮಾರಾಟಕ್ಕೆ ಕೂತವು. ಇವನ್ನು ಕೇಳುವವರು ಎಷ್ಟು ಜನ ಎಂದು ದೂರದ ಯಾವ ಕಚೇರಿಯೂ ಲೆಕ್ಕ ಹಾಕಬೇಕಾಗಿರಲಿಲ್ಲ. ಮತ್ತೆ ಆ ಡಬ್ಬಿ ಕೊಂಡವರದೇ: ಎರವಲು ಕೊಡಬಹುದು, ಎರವಲು ತಂದದ್ದನ್ನು ಮರೆತಂತೆ ಇಟ್ಟುಕೊಳ್ಳಬಹುದು, ತಂಗಿಯ ಮದುವೆಯ ನಂತರ ಅವಳ ಪೆಟ್ಟಿಗೆಯಲ್ಲಿ ಸೇರಿ ಇನ್ನೊಂದು ಊರಿಗೆ ಹೋಗಬಹುದು. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದರೆ ಅದರ ಮೇಲೆ ಯಾರೂ ಬೇರೆ ಮುದ್ರಿಸಲಾಗದು. ಮನಸ್ಸು ಬದಲಾದರೆ ಆ ತೂತಿಗೆ ಸೆಲ್ಲೋಟೇಪು ಅಂಟಿಸಿದರಾಯಿತು. ಬೀಗವೂ ಕೀಲಿಯೂ ಇಷ್ಟು ಅಗ್ಗವಾಗಿ, ಇಷ್ಟು ಪೂರ್ತಿಯಾಗಿ ಕೇಳುಗನ ಕೈಯಲ್ಲಿದ್ದ ಇನ್ನೊಂದು ಯಂತ್ರವನ್ನು ನಾನರಿಯೆ.

ಉದ್ಯಮಕ್ಕೆ ಇದು ಹಿಡಿಸಲಿಲ್ಲ. ಅಮೆರಿಕದಲ್ಲಿ ಮನೆಯವರು ಟಿವಿ ಕಾರ್ಯಕ್ರಮವನ್ನು ವಿಡಿಯೊ ಟೇಪಿಗೆ ಇಳಿಸಿಕೊಳ್ಳುವುದು ಕಳ್ಳತನ ಎಂದು ಯೂನಿವರ್ಸಲ್ ಮತ್ತು ಡಿಸ್ನಿ ಸ್ಟುಡಿಯೊಗಳು ಸೋನಿ ಕಂಪನಿಯನ್ನು ಕೋರ್ಟಿಗೆ ಎಳೆದವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ನ್ಯಾಯಮೂರ್ತಿಗಳ ಬಹುಮತದಿಂದ, ಆಮೇಲೆ ನೋಡಲೆಂದು ಹಿಡಿದಿಟ್ಟುಕೊಳ್ಳುವುದು ತಪ್ಪಲ್ಲ ಎಂದಿತು. ಒಂದೇ ಒಂದು ಮತ. ಸೋತ ಸ್ಟುಡಿಯೊಗಳೇ ಮುಂದೆ ವಿಡಿಯೊ ಕ್ಯಾಸೆಟ್ಟು ಮಾರಿ ಕೈತುಂಬ ಗಳಿಸಿದ್ದು ಬೇರೆ ಕಥೆ. ಉದ್ಯಮಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಅದು ತಾನೇ ಹಾಡನ್ನು ಅಂಕಿಯಾಗಿಸಿದಾಗ. 1982ರಲ್ಲಿ ಬಂದ ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದರೆ ಗೊರಗೊರ ಹೆಚ್ಚುತ್ತಿತ್ತು. ಅಂಕಿಯನ್ನು ಎಷ್ಟು ಸಲ ನಕಲು ಮಾಡಿದರೂ ಏಳು ಏಳೇ, ಎಂಟು ಎಂಟೇ. ಎಂಪಿ3 ಬಂದು ಆ ಅಂಕಿಗಳ ಮೂಟೆಯನ್ನು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಸಿತು, 1999ರ ನ್ಯಾಪ್‌ಸ್ಟರ್ ಅದನ್ನು ಊರೂರಿಗೆ ಹಂಚಿತು. ನಮ್ಮಲ್ಲಿ ಅದರ ಅವತಾರ ಬೇರೆ: ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡು ಕೊಟ್ಟು ಹಾಡು ತುಂಬಿಸಿಕೊಳ್ಳುವುದು. ರಾಗಿ ಬೀಸಲು ಗಿರಣಿಗೆ ಹೋದಷ್ಟೇ ಸಹಜವಾಗಿ ಜನ ಅಲ್ಲಿಗೆ ಹೋದರು. ಉದ್ಯಮ ಆಗ ಕಾಲರ್ ಟ್ಯೂನಿನಿಂದ ಉಸಿರು ಹಿಡಿದುಕೊಂಡಿತು. ನಮಗೆ ಕೇಳಿಸದ, ಕರೆ ಮಾಡಿದವರಿಗೆ ಮಾತ್ರ ಕೇಳಿಸುವ ಹಾಡಿಗೆ ನಾವು ತಿಂಗಳು ತಿಂಗಳು ದುಡ್ಡು ಕಟ್ಟಿದ್ದೇವೆ. ಬಾಡಿಗೆಯ ಯುಗಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಸಿಗುತ್ತಿರಲಿಲ್ಲ.

ಬಾಡಿಗೆಯ ಯುಗದ ಗುಟ್ಟನ್ನು ನೆಟ್‌ಫ್ಲಿಕ್ಸ್ ಕಂಪನಿಯ ಬಾಳಿನಲ್ಲೇ ಓದಬಹುದು. 1998ರಲ್ಲಿ ಅದು ಡಿವಿಡಿಗಳನ್ನು ಅಂಚೆಯಲ್ಲಿ ಕಳಿಸುವ ಅಂಗಡಿಯಾಗಿ ವಹಿವಾಟು ತೆರೆಯಿತು, 2007ರಲ್ಲಿ ಅಂತರ್ಜಾಲದ ಮೂಲಕ ತೋರಿಸಲು ಶುರುಮಾಡಿತು, 2023ರ ಸೆಪ್ಟೆಂಬರಿನಲ್ಲಿ ಕೊನೆಯ ಡಿವಿಡಿ ಲಕೋಟೆ ಕಳಿಸಿ ಆ ಬಾಗಿಲು ಮುಚ್ಚಿತು. ಸೋಜಿಗವೆಂದರೆ ಅದರ ಡಿವಿಡಿ ಪಟ್ಟಿ ಪರದೆಯ ಪಟ್ಟಿಗಿಂತ ಎಷ್ಟೋ ದೊಡ್ಡದಿತ್ತು. ಕಾರಣ ತಂತ್ರಜ್ಞಾನದ್ದಲ್ಲ, ಕಾನೂನಿನದು. ಅಮೆರಿಕದಲ್ಲಿ ದುಡ್ಡು ಕೊಟ್ಟು ಕೊಂಡ ಡಿವಿಡಿ ತಟ್ಟೆಯನ್ನು ಬಾಡಿಗೆಗೆ ಕೊಡಲು ಯಾರ ಅಪ್ಪಣೆಯೂ ಬೇಡ. ಅದೇ ಚಿತ್ರವನ್ನು ತಂತಿಯ ಮೇಲೆ ಹರಿಸಲು ಒಂದೊಂದು ಚಿತ್ರಕ್ಕೂ, ಒಂದೊಂದು ದೇಶಕ್ಕೂ, ಇಂತಿಷ್ಟು ವರ್ಷಕ್ಕೆಂದು ಒಪ್ಪಂದ ಬೇಕು. ಒಪ್ಪಂದ ಮುಗಿದ ರಾತ್ರಿ ಚಿತ್ರ ಹೇಳದೆ ಕೇಳದೆ ಮನೆ ಖಾಲಿ ಮಾಡುತ್ತದೆ. ಇದ್ದ ಚಿತ್ರವೂ ಇದ್ದಂತೆಯೇ ಇರುತ್ತದೆಂದು ಹೇಳಲಾಗದು. 2022ರ ನವೆಂಬರಿನಲ್ಲಿ ‘ಕಾಂತಾರ’ ಅಮೆಜಾನ್ ಪ್ರೈಮ್‌ಗೆ ಬಂದಾಗ ಚಿತ್ರಮಂದಿರದಲ್ಲಿ ಕೇಳಿದ್ದ ‘ವರಾಹ ರೂಪಂ’ ಅದರಲ್ಲಿರಲಿಲ್ಲ; ಕೇರಳದ ತಂಡವೊಂದು ಹೂಡಿದ್ದ ಮೊಕದ್ದಮೆಯ ಕಾರಣ ಬೇರೆ ಧಾಟಿಯ ಹಾಡು ಕೂತಿತ್ತು. ಆಮೇಲೆ ಮೂಲ ಹಾಡು ಮರಳಿತು. ಆ ವ್ಯಾಜ್ಯದ ಸರಿತಪ್ಪು ನನ್ನ ವಿಷಯವಲ್ಲ. ಎಲ್ಲೋ ಒಂದು ಕಡೆ ಗುಂಡಿ ಒತ್ತಿದರೆ ಲಕ್ಷಾಂತರ ಮನೆಗಳ ಹಾಡು ಒಂದೇ ಗಳಿಗೆಯಲ್ಲಿ ಬದಲಾಗುತ್ತದೆ ಎಂಬುದಷ್ಟೇ ನೋಡಬೇಕಾದದ್ದು. ಕ್ಯಾಸೆಟ್ಟಿನ ಕಾಲದಲ್ಲಾಗಿದ್ದರೆ ಅಮೀನರು ಮನೆಮನೆಗೆ ನುಗ್ಗಬೇಕಾಗುತ್ತಿತ್ತು.

ಇದಕ್ಕೆ ಎದುರು ಹೇಳುವವರ ಮಾತಿನಲ್ಲಿ ತೂಕವಿದೆ. ಒಂದು ತಿಂಗಳ ಬಾಡಿಗೆಗೆ ಸಿಗುವಷ್ಟು ಚಿತ್ರಗಳನ್ನು ಕೊಂಡು ಇಟ್ಟುಕೊಳ್ಳಲು ಹೊರಟರೆ ಮನೆ ಮಾರಬೇಕಾದೀತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಟೇಪ್‌ರೆಕಾರ್ಡರನ್ನೇ ಕಾಣದಿದ್ದ ಮನೆಗಳಿಗೂ ಸಿನಿಮಾ ಬಂತು. ಒಪ್ಪಿದೆ. ಇಟ್ಟುಕೊಂಡದ್ದಾದರೂ ಉಳಿಯಿತೇ, ಮಳೆಗಾಲದಲ್ಲಿ ಬೂಷ್ಟು ಹಿಡಿಯಲಿಲ್ಲವೇ, 1934ರ ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದಿಲ್ಲವಲ್ಲ ಎನ್ನುತ್ತಾರೆ. ಈ ಉದಾಹರಣೆ ಅವರಿಗಿಂತ ನನಗೇ ಹೆಚ್ಚು ಒದಗುತ್ತದೆ. ಆ ಚಿತ್ರದ ಪ್ರತಿಗಳು ಬೆರಳೆಣಿಕೆಯವು, ಇದ್ದವೂ ವ್ಯಾಪಾರದವರ ಕೈಯಲ್ಲಿ. ವ್ಯಾಪಾರ ಮುಗಿದ ವಸ್ತುವನ್ನು ವ್ಯಾಪಾರಿ ಕಾಯುವುದಿಲ್ಲ. ಬಿ.ಬಿ.ಸಿ. ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಟೇಪುಗಳನ್ನು ತಾನೇ ಅಳಿಸಿ ಮರುಬಳಸಿತು. 90ಕ್ಕೂ ಹೆಚ್ಚು ಕಂತುಗಳ ಚಿತ್ರ ಈಗಲೂ ಕಾಣೆ. ಆದರೆ ಅವೆಲ್ಲದರ ಧ್ವನಿ ಉಳಿದಿದೆ. ಉಳಿಸಿದವರು ಟಿವಿಯ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ಕೂತ ಮನೆಯ ಮಕ್ಕಳು. ಒಂದೊಂದು ಕ್ಯಾಸೆಟ್ಟು ಬೇಗ ಸಾಯುತ್ತದೆ ನಿಜ, ಸಾವಿರ ಮನೆಯ ಸಾವಿರ ಕ್ಯಾಸೆಟ್ಟು ಒಟ್ಟಿಗೆ ಸಾಯುವುದಿಲ್ಲ. ಬೀಜ ಉಳಿಯುವುದೂ ಹೀಗೆಯೇ, ಹಲವು ಅಟ್ಟಗಳಲ್ಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಯೂಟ್ಯೂಬಿನದು. ಅಲ್ಲಿ ಯಾರ ಅಪ್ಪಣೆಯೂ ಬೇಡ, ಇಡೀ ರಾತ್ರಿಯ ಬಯಲಾಟ ಇದೆ, ದುಬೈಯಲ್ಲಿರುವ ಕುಂದಾಪುರದವರು ಊರಿನ ಮೇಳದ ಚಂಡೆ ಕೇಳುತ್ತಾರೆ. ಕ್ಯಾಸೆಟ್ಟಿನ ಸ್ವಾತಂತ್ರ್ಯ ಇನ್ನೂ ದೊಡ್ಡದಾಗಿ ಮರಳಿ ಬಂದಿದೆಯಲ್ಲ? ಮಾಡುವವರ ಮಟ್ಟಿಗೆ ಬಂದಿದೆ. ಇಲ್ಲಿ ನನ್ನ ವಾದವನ್ನು ಅಷ್ಟು ಕಿರಿದು ಮಾಡಿಕೊಳ್ಳಲೇಬೇಕು. ಆದರೂ ಅಲ್ಲಿರುವ ಎಷ್ಟೋ ಹಳೆಯ ತಾಳಮದ್ದಳೆಗಳನ್ನು ಕಿವಿಗೊಟ್ಟು ಕೇಳಿ. ಅರ್ಥಗಾರಿಕೆಯ ಹಿಂದೆ ಸಣ್ಣಗೆ ಟೇಪಿನ ಸುಯ್ ಎಂಬ ಸದ್ದು, ನಡುವೆ ಮಗ್ಗುಲು ತಿರುಗಿಸಿದಾಗಿನ ಮೌನ. ಅದು ಯಾರದೋ ಶೋಕೇಸಿನಿಂದ ಬಂದದ್ದು. ಇನ್ನು ಹಣ ಹೂಡಿ ಮಾಡುವ ಕೆಲಸಕ್ಕೆ ಮತ್ತೆ ಡಂಡಂನ ಬಾಗಿಲೇ ಗತಿಯಾಗಿದೆ. 2020ರ ಜುಲೈನಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ‘ಲಾ’, ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಮನೆಗೆ ಬಂದು, ಕನ್ನಡಕ್ಕೂ ಈ ಬಾಗಿಲು ತೆರೆಯಿತೆಂದು ಎಲ್ಲರೂ ನಂಬಿದ್ದರು. ನಾಲ್ಕು ವರ್ಷದ ನಂತರ ರಕ್ಷಿತ್ ಶೆಟ್ಟಿ ಬೆಂಬಲದ, ಕರಾವಳಿಯ ಏಳು ಕಥೆಗಳ ‘ಏಕಂ’ ಸರಣಿಯನ್ನು ಯಾವ ಓಟಿಟಿಯೂ ಕೊಳ್ಳದೆ, ಮಾಡಿದವರೇ ಸ್ವಂತ ಜಾಲತಾಣ ಕಟ್ಟಿ ತೋರಿಸಬೇಕಾಯಿತು. ಹೆಸರಾಂತ ನಟ-ನಿರ್ದೇಶಕರ ಬೆನ್ನಾಸರೆ ಇದ್ದದ್ದರ ಪಾಡು ಇದು. ಹೆಸರಿಲ್ಲದವರು ಜಾತ್ರೆಯಲ್ಲಿ ಮಾರೋಣವೆಂದರೆ ಕೈಗೆ ಕೊಡುವ ಡಬ್ಬಿಯೇ ಇಲ್ಲ.

ಇಟ್ಟುಕೊಳ್ಳುವ ಆಸೆ ಮುದುಕರ ಚಟ ಎಂದು ತಳ್ಳಿಹಾಕುವವರಿಗೆ ಉದ್ಯಮವೇ ಉತ್ತರ ಕೊಟ್ಟಿದೆ. ಎಚ್.ಎಂ.ವಿ.ಯ ವಾರಸುದಾರ ಸಾರೆಗಾಮ ಕಂಪನಿ 2017ರಲ್ಲಿ ಕಾರವಾನ್ ಎಂಬ ಪೆಟ್ಟಿಗೆ ತಂದಿತು: ಹಳೆಯ ರೇಡಿಯೊದ ಚಹರೆ, ಒಳಗೆ 5,000 ಹಿಂದಿ ಹಾಡು, ತಿರುಗಿಸಲು ಗುಂಡಿ, ಅಂತರ್ಜಾಲದ ಹಂಗಿಲ್ಲ. ಆ ಹಾಡುಗಳೆಲ್ಲ ಫೋನಿನಲ್ಲಿ ಬಿಟ್ಟಿಯಾಗಿ ಸಿಗುತ್ತಿದ್ದ ಕಾಲದಲ್ಲೇ ಮಕ್ಕಳು ಅದನ್ನು ಕೊಂಡು ಅಪ್ಪ-ಅಮ್ಮಂದಿರಿಗೆ ಕೊಟ್ಟರು. ಫೋನಿನಲ್ಲೂ ಡೌನ್‌ಲೋಡ್ ಎಂಬ ಗುಂಡಿ ಇದೆಯಲ್ಲ ಎನ್ನಬಹುದು. ಒತ್ತಿ ನೋಡಿ: ಇಳಿದ ಚಿತ್ರ ಆ ಆ್ಯಪಿನ ಹೊರಗೆ ಕಾಲಿಡುವುದಿಲ್ಲ, ಪಕ್ಕದ ಮನೆಗೆ ಹೋಗುವುದಿಲ್ಲ, ಕೆಲವಂತೂ ನೋಡಲು ಶುರುಮಾಡಿದ 48 ಗಂಟೆಗೆ ತಾವಾಗಿ ಅವಧಿ ಮುಗಿಸುತ್ತವೆ. ಕಾರವಾನ್ ಇಡಲು ಮಾತ್ರ ಜಾಗ ಬೇಕು. ಹಳೆಯ ಟಿವಿಯ ಆ ಗೂಡು ಅದಕ್ಕೆ ತುಸು ದೊಡ್ಡದೇ ಆಯಿತು; ಪಕ್ಕದಲ್ಲಿ ಟೀ ಸೆಟ್ಟೂ ಹಿಡಿಸುತ್ತದೆ.