ಒಂದು, ಮೂರು, ನಾಲ್ಕು, ಎರಡು

ನಿವೃತ್ತರಾದ ಮೇಲೆ ಏನು ಮಾಡುತ್ತಿದ್ದೀರಿ ಎಂದು ಮದುವೆ ಉಪನಯನಗಳಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಅಡಿಕೆ ತೋಟ, ದಿನಪತ್ರಿಕೆ, ಊಟವಾದ ಮೇಲೆ ಒಂದು ಸಣ್ಣ ನಿದ್ದೆ ಎಂದು ಹೇಳಿ ನಾನು ಜಾರಿಕೊಳ್ಳುತ್ತಿದ್ದೆ. ನಿಜ ಹೇಳಲು ಸಂಕೋಚವಿತ್ತು. 2023ರ ಜನವರಿಯಿಂದ ನಾನು ನಮ್ಮ ಹಳೆಯ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಒಂದು ಮುದಿ ಕಾರಿನ ಸೇವೆಯಲ್ಲಿದ್ದೆ. ಆ ಸೇವೆ ಈಗ ಒಂದು ಹಂತಕ್ಕೆ ಬಂದಿದೆ. ಅದರ ಕಥೆಯನ್ನು ಬರೆಯಬೇಕಾದದ್ದು ಕಾರಿಗಾಗಿ ಅಲ್ಲ, ಅದರೊಂದಿಗೆ ಹೊರಬಿದ್ದ ನನ್ನದೊಂದು ತಪ್ಪಿಗಾಗಿ. ಆದರೆ ಮೊದಲು ಕಾರಿನ ವಿಚಾರ.

ಅದು 1968ರ ಫಿಯೆಟ್ 1100 ಡಿಲೈಟ್. ನಂಬರು 'ಎಂ.ವೈ.' ಎಂದು ಆರಂಭವಾಗುತ್ತದೆ. ಅಂದರೆ ನಮ್ಮ ರಾಜ್ಯಕ್ಕಿನ್ನೂ ಕರ್ನಾಟಕವೆಂಬ ಹೆಸರು ಬಂದಿರದ ಕಾಲದ್ದು. ನನ್ನ ತೀರ್ಥರೂಪರು ಅದನ್ನು 1977ರಲ್ಲಿ ಘಟ್ಟದ ಮೇಲಿನ ಕಾಫಿ ತೋಟದ ಯಜಮಾನರೊಬ್ಬರಿಂದ ಕೊಂಡು ತಂದರು. ಕೋಡಿಂಬಾಳದ ನಮ್ಮ ಭಾಗದಲ್ಲಿ ಆಗ ಕಾರೆಂದರೆ ಊರಿನ ಆಸ್ತಿ. ಹೆರಿಗೆಯ ನೋವು, ಹಾವಿನ ಕಡಿತ, ಅಡಿಕೆ ಮರದಿಂದ ಬಿದ್ದವರು, ಎಲ್ಲರೂ ಆ ಹಿಂದಿನ ಸೀಟಿನಲ್ಲಿ ಮಲಗಿಯೇ ಆಸ್ಪತ್ರೆಗೆ ಹೋದವರು. ಮಳೆಗಾಲದಲ್ಲಿ ಗುಂಡ್ಯ ಹೊಳೆ ಉಕ್ಕಿ ಹೊಸ್ಮಠದ ಮುಳುಗು ಸೇತುವೆಯ ಮೇಲೆ ನೀರು ಹರಿಯುವಾಗ ಈಚೆ ದಡದಲ್ಲಿ ಕಾರು ನಿಲ್ಲಿಸಿ, ನೀರು ಇಳಿಯುವುದನ್ನೇ ನೋಡುತ್ತ ಕುಳಿತ ರಾತ್ರಿಗಳು ನನಗೆ ನೆನಪಿವೆ. 1994ರಲ್ಲಿ ತಂದೆಯವರು ತೀರಿಕೊಂಡರು. ನನ್ನಲ್ಲಿ ಸ್ಕೂಟರ್ ಇತ್ತು. ಕಾರನ್ನು ಕೊಟ್ಟಿಗೆಗೆ ತಳ್ಳಿ, ಮೇಲೆ ಒಂದು ತಾಡಪಾಲು ಹೊದೆಸಿದೆ. ಹೊದೆಸಿದವನು ತೆಗೆಯಲು ಇಪ್ಪತ್ತೊಂಬತ್ತು ವರ್ಷ ತೆಗೆದುಕೊಂಡೆ!

ತೆಗೆದಾಗ ಕಂಡದ್ದೇನು? ಸೀಟಿನೊಳಗೆ ಇಲಿಯ ಸಂಸಾರ, ಬಾನೆಟ್ಟಿನೊಳಗೆ ಕಣಜದ ಗೂಡು, ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಗುಜರಿಯವನು ಹನ್ನೊಂದು ಸಾವಿರ ಕೊಡುತ್ತೇನೆಂದ. ಬೆಂಗಳೂರಿನಲ್ಲಿರುವ ಮಗ "ಕೊಟ್ಟುಬಿಡಿ ಅಪ್ಪ, ಜಾಗವಾದರೂ ಆಗ್ತದೆ" ಎಂದ. ನನ್ನಾಕೆ "ಪಿಂಚಣಿಯ ದುಡ್ಡನ್ನು ತುಕ್ಕಿನ ಮೇಲೆ ಹೊಯ್ಯುವವರನ್ನು ನಾನು ಈಗಲೇ ನೋಡುವುದು" ಎಂದಳು. ಆದರೂ ಒಂದೂವರೆ ಲಕ್ಷ ರೂಪಾಯಿ ಎಂದು ಮಿತಿ ಹಾಕಿಕೊಂಡು ನಾನು ಹಟಕ್ಕೆ ಬಿದ್ದೆ. ವಿದ್ಯಾರ್ಥಿಗಳನ್ನು ಧರ್ಮಸ್ಥಳಕ್ಕೆ ಪ್ರವಾಸ ಕರೆದೊಯ್ದಾಗಲೆಲ್ಲ ಅಲ್ಲಿನ ಸಂಗ್ರಹದ ಹಳೆಯ ಕಾರುಗಳ ಮುಂದೆ ನಿಂತು, ನಮ್ಮದನ್ನೂ ಹೀಗೆ ಇಡಬಹುದಿತ್ತಲ್ಲ ಎಂದುಕೊಂಡವನು ನಾನು.

ಕೆಲಸ ಬಲ್ಲವರು ಬೇಕಲ್ಲ. ಕಡಬ ಪೇಟೆಯ ಅಂಚಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಒಬ್ಬನ ಹೆಸರನ್ನೇ ಎಲ್ಲರೂ ಹೇಳಿದರು. ಹಳೆಯ ಗಾಡಿಗಳಿಗೆ ಅವನೇ ಸರಿ ಎಂದರು. ಆ ಹೆಸರು ಕೇಳಿ ನಾನು ಒಂದು ವಾರ ಸುಮ್ಮನಿದ್ದೆ. ಏಕೆಂದರೆ ಅವನು ನನ್ನ ವಿದ್ಯಾರ್ಥಿ.

1991ರ ಮಳೆಗಾಲ. ಹತ್ತನೆಯ ತರಗತಿಗೆ ಅಂತರ್ದಹನ ಎಂಜಿನಿನ ಪಾಠ. ಕರಿಹಲಗೆಯ ಮೇಲೆ ಸಿಲಿಂಡರಿನ ಚಿತ್ರ ಬರೆದು ಹೀರಿಕೆ, ಸಂಪೀಡನ, ಶಕ್ತಿಘಾತ, ನಿಷ್ಕಾಸ ಎಂದು ನಾಲ್ಕು ಹೊಡೆತಗಳನ್ನು ವಿವರಿಸಿದೆ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ರಜೆಯಲ್ಲಿ ಅವನು ತನ್ನ ಮಾವನ ಗ್ಯಾರೇಜಿಗೆ ಹೋಗುತ್ತಿದ್ದ. "ಸರ್, ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು, ಮೂರು, ನಾಲ್ಕು, ಎರಡು ಅಂತ ಕಿಡಿ ಕೊಡುವುದು ಯಾಕೆ? ಒಂದು, ಎರಡು, ಮೂರು, ನಾಲ್ಕು ಅಂತ ಯಾಕೆ ಇಲ್ಲ?"

ನನಗೆ ಗೊತ್ತಿರಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮಾಡಿದ್ದೆ, ಮನೆಯಲ್ಲಿಯೇ ಕಾರಿತ್ತು, ಆದರೂ ಅದರ ಬಾನೆಟ್ಟು ಎತ್ತಿ ನೋಡಿದವನಲ್ಲ. ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎನ್ನಬಹುದಿತ್ತು. ನಾನು ಹೇಳಿದ್ದು ಬೇರೆ. "ಮೊದಲು ಪುಸ್ತಕದಲ್ಲಿ ಇರುವುದನ್ನು ಕಲಿ. ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಗ್ರೀಸು ಒರೆಸುತ್ತ ಕೂರಬೇಕಾದೀತು" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಗು ನಿಲ್ಲದಿದ್ದಾಗ ಅದಕ್ಕೂ ಅವನನ್ನೇ ಹೊಣೆ ಮಾಡಿ, ಅವಧಿ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಆ ವರ್ಷ ಅವನು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದ, ಮರುಪರೀಕ್ಷೆಗೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಅನಂತರದ ಇಪ್ಪತ್ತೆಂಟು ವರ್ಷವೂ ಆ ಪಾಠವನ್ನು ಮಾಡಿದೆ. ಚಿತ್ರದಲ್ಲಿ ಸಿಲಿಂಡರು ಯಾವಾಗಲೂ ಒಂದೇ. ಇನ್ನೊಂದು ಬರೆದರೆ ಆ ಪ್ರಶ್ನೆ ಬಂದೀತೆಂಬ ಅಳುಕು.

ಕೊನೆಗೂ ಹೋದೆ. ಅವನು ಕೈ ಒರೆಸಿಕೊಂಡು, ಕುರ್ಚಿ ತಂದಿಟ್ಟು, "ಸರ್, ನೀವು ಬರ್ಬೇಕಾ? ಫೋನು ಮಾಡಿದ್ರೆ ಸಾಕಿತ್ತಲ್ಲ" ಎಂದ. ಹಳೆಯದೇನೂ ಮಾತಿಗೆ ಬರಲಿಲ್ಲ. ಮರುದಿನವೇ ಬಂದು, ಕಾರಿನ ಕೆಳಗೆ ಗೋಣಿ ಹಾಸಿ ಮಲಗಿ, ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಿದ. ಹೊರಗೆ ಬಂದು, "ದುಡ್ಡು ಎಷ್ಟುಂಟು ಸರ್?" ಎಂದು ಕೇಳಿದ. ಹೇಳಿದೆ. "ಹಾಗಾದ್ರೆ ಚಂದ ಕಡೆಗೆ. ಮೊದಲು ಅಡಿಯ ತಗಡು, ಮತ್ತೆ ಬ್ರೇಕು, ಮತ್ತೆ ಎಂಜಿನು. ಪೈಂಟು ಎಲ್ಲದಕ್ಕಿಂತ ಕೊನೆಗೆ."

ಈ ಕ್ರಮದ ಅರ್ಥ ನನಗೆ ನಿಧಾನವಾಗಿ ತಿಳಿಯಿತು. ಜೀಪಿಗೆ ಪ್ರತ್ಯೇಕವಾದ ಉಕ್ಕಿನ ಚಾಸಿಸ್ ಇರುತ್ತದೆ; ಮೇಲಿನ ತಗಡು ತೂತಾದರೂ ಗಾಡಿ ನಿಲ್ಲುತ್ತದೆ. ಈ ಫಿಯೆಟ್ಟಿಗೆ ಹಾಗಲ್ಲ, ತಗಡಿನ ಮೈಯೇ ಅದರ ಎಲುಬು. ಬಾಗಿಲಿನ ಕೆಳಗಿನ ಪಟ್ಟಿಯೂ ನೆಲದ ತಗಡೂ ಕರಗಿದರೆ ಕಾರು ನಡುವಿನಲ್ಲೇ ಕುಸಿಯುತ್ತದೆ. ನಮ್ಮ ಕಡೆಯ ಮಳೆಗೆ ಮೊದಲು ಹೋಗುವುದೂ ಅದೇ. ಎಷ್ಟೋ ಮಂದಿ ಮೇಲೆ ಹೊಳೆಯುವ ಬಣ್ಣ ಬಳಿಸಿ, ದುಡ್ಡು ಮುಗಿದು, ಕೆಳಗಿನ ತುಕ್ಕನ್ನು ಹಾಗೆಯೇ ಬಿಡುತ್ತಾರಂತೆ. ಶಾಲೆಗಳಲ್ಲಿ ನಾವೂ ವಾರ್ಷಿಕೋತ್ಸವದ ಸಮಯದಲ್ಲಿ ಇದನ್ನೇ ಮಾಡುತ್ತಿದ್ದೆವಲ್ಲವೇ!

ಬಿಡಿಭಾಗಗಳ ವಿಷಯದಲ್ಲಿ ಅದೃಷ್ಟವಿತ್ತು. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯು ಮುಂಬಯಿಯ ಕುರ್ಲಾದಲ್ಲಿ ಈ ಕಾರನ್ನು ತಯಾರಿಸುತ್ತಿತ್ತು. 1964ರಲ್ಲಿ ಬಂದ ಡಿಲೈಟ್ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎನಿಸಿಕೊಂಡಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಬದಲಾದರೂ ಒಳಗಿನ 1089 ಸಿ.ಸಿ. ಎಂಜಿನು ಹೆಚ್ಚುಕಡಿಮೆ ಅದೇ. ಪದ್ಮಿನಿ 2000ದ ಸುಮಾರಿನವರೆಗೂ ತಯಾರಾಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೆಂದು ಖ್ಯಾತವಾಗಿದ್ದ ಪದ್ಮಿನಿಗಳು ಅಲ್ಲಿನ ರಸ್ತೆಗಳಿಂದ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಹಾಗಾಗಿ ಕುರ್ಲಾದ ಗುಜರಿಯಲ್ಲಿಯೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೂ ಹುಡುಕಿದರೆ ಸಾಮಾನು ಸಿಗುತ್ತದೆ. ನಕ್ಕಿದ್ದ ಮಗನೇ ಎರಡು ಶನಿವಾರ ಜೆ.ಸಿ. ರಸ್ತೆ ಸುತ್ತಿ ಬ್ರೇಕಿನ ಸಿಲಿಂಡರಿನ ರಬ್ಬರುಗಳನ್ನು ಹುಡುಕಿ ಕಳುಹಿಸಿದ.

ಎಂಜಿನು ಹಿಡಿದುಕೊಂಡಿತ್ತು, ಅಂದರೆ ಪಿಸ್ಟನ್ನುಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿದ್ದವು. ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹೊಯ್ದು ಹತ್ತು ದಿನ ಬಿಟ್ಟೆವು. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದೆವು. ಮೂರನೆಯ ದಿನ ಒಳಗೆ ಏನೋ 'ಟಕ್' ಎಂದಿತು. "ಬಿಟ್ಟಿತು ಸರ್!" ಎಂದ. ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ಹಿಡಿ ಹಳೆಯ ನಟ್ಟುಗಳನ್ನು ಹಾಕಿ ಕುಲುಕಿ ತುಕ್ಕು ಉದುರಿಸಿದೆವು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇರುತ್ತದೆ; ಹಳೆಯ ಕಾಲದ ರಬ್ಬರನ್ನು ಅದು ತಿನ್ನುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಪೈಪುಗಳನ್ನೆಲ್ಲ ಅದನ್ನು ತಡೆಯುವ ಜಾತಿಯದಕ್ಕೆ ಬದಲಾಯಿಸಿದೆವು. ಡೀಸೆಲ್ ಎಂಜಿನು ಕೂರಿಸಿದರೆ ಅಗ್ಗ ಎಂದು ಕೆಲವರು ಸಲಹೆ ಕೊಟ್ಟರು. ಅವನು ಒಪ್ಪಲಿಲ್ಲ. "ಹೃದಯ ತೆಗೆದ್ರೆ ಇದು ನಿಮ್ಮ ತಂದೆಯವರ ಗಾಡಿ ಹೇಗಾಗ್ತದೆ ಸರ್?"

ಹೀಗೆ 2025ರ ಆಯುಧಪೂಜೆ ಹತ್ತಿರ ಬಂತು. ಒಂದು ಸಂಜೆ ಅವನು ಬರುವುದು ತಡವಾಯಿತು. ಪ್ಲಗ್ಗಿನ ವೈರುಗಳು ಕಳಚಿಕೊಂಡಿದ್ದವು. ಇದಿಷ್ಟು ನಾನೇ ಮಾಡಬಲ್ಲೆ ಎಂದುಕೊಂಡು ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ಸಾಲಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಸಿಕ್ಕಿಸಿ, ಕೀಲಿ ತಿರುಗಿಸಿದೆ. ಎಂಜಿನು ಕೆಮ್ಮಿ, ಸೈಲೆನ್ಸರಿನಿಂದ ಗರ್ನಾಲು ಸಿಡಿದಂತೆ ಸದ್ದು ಬಂತು. ಹಟ್ಟಿಯ ದನಗಳು ಹಗ್ಗ ಹರಿಯುವಂತೆ ಜಿಗಿದವು. ನಾನು ಹೊರಗಿಳಿದಾಗ ಅವನು ಅಂಗಳದಲ್ಲಿ ನಿಂತಿದ್ದ. ಹತ್ತಿರ ಬಂದು ವೈರುಗಳನ್ನು ನೋಡಿದ. ನಗಲಿಲ್ಲ.

ಅಂಗಳದಿಂದ ನಾಲ್ಕು ಹಣ್ಣಡಿಕೆ ಹೆಕ್ಕಿ ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟ. "ನೋಡಿ ಸರ್. ಒಂದು ಮತ್ತು ನಾಲ್ಕು ಒಟ್ಟಿಗೆ ಮೇಲೆ ಬರ್ತವೆ. ಎರಡು ಮತ್ತು ಮೂರು ಆಗ ಕೆಳಗೆ ಇರ್ತವೆ. ಕ್ರ್ಯಾಂಕ್ ಅರ್ಧ ಸುತ್ತು ತಿರುಗಿದ್ರೆ ಇವು ಮೇಲೆ, ಅವು ಕೆಳಗೆ. ಅರ್ಧ ಸುತ್ತಿಗೆ ಒಂದರ ಹಾಗೆ ಕಿಡಿ ಬೇಕು. ಒಂದರಲ್ಲಿ ಹೊತ್ತಿತು. ಅರ್ಧ ಸುತ್ತು ಆಗುವಾಗ ಮೂರಕ್ಕೆ. ಮತ್ತರ್ಧ ಸುತ್ತಿಗೆ ನಾಲ್ಕು ಮೇಲೆ ಬಂತು, ಅದಕ್ಕೆ. ಮತ್ತೆ ಎರಡಕ್ಕೆ. ಎರಡೂ ಮೂರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಜೋಡಿ. ಒಂದರ ಬೆನ್ನಿಗೆ ಇನ್ನೊಂದಕ್ಕೆ ಸರದಿ ಬರ್ಲಿಕ್ಕೆ ಸಾಧ್ಯವೇ ಇಲ್ಲ. ಬೇಕಾದ್ರೆ ಒಂದು, ಎರಡು, ನಾಲ್ಕು, ಮೂರು ಅಂತ ಮಾಡ್ಬಹುದು, ಕೆಲವು ಎಂಜಿನಿಗೆ ಹಾಗೆಯೂ ಉಂಟು. ಒಂದು, ಎರಡು, ಮೂರು, ನಾಲ್ಕು ಮಾತ್ರ ಆಗ್ಲಿಕ್ಕಿಲ್ಲ."

ಮೂವತ್ತನಾಲ್ಕು ವರ್ಷ ವಿಜ್ಞಾನ ಬೋಧಿಸಿದ ನಾನು ಇಷ್ಟು ಸ್ಪಷ್ಟವಾದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ತಿಳಿಯದು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ ನಾನೇ ಹೇಳಿದೆ: "ಆ ದಿನ ನೀನು ಕೇಳಿದಾಗ ನನಗೆ ಇದು ಗೊತ್ತಿರಲಿಲ್ಲ ಮಾರಾಯ. ಅದನ್ನು ಮುಚ್ಚಲಿಕ್ಕೆ ನಿನ್ನನ್ನು ಬೆಂಚು ಹತ್ತಿಸಿದ್ದು."

ಅವನು ವೈರುಗಳನ್ನು ಕಳಚುತ್ತಿದ್ದವನು ನಿಲ್ಲಿಸಿದ. "ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತೇ ಇರ್ಲಿಲ್ಲ ಸರ್" ಎಂದ. "ಕೇಳಿದ್ದೇ ನನ್ನ ತಪ್ಪು ಅಂತ ಗ್ರಹಿಸಿದ್ದೆ. ಮತ್ತೆ ಯಾವ ಕ್ಲಾಸಿನಲ್ಲಿಯೂ ಕೇಳ್ಲಿಕ್ಕೆ ಹೋಗ್ಲಿಲ್ಲ."

ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಹೇಳಬೇಕೆಂದು ನಿರೀಕ್ಷಿಸುವ ಅಧಿಕಾರ ನನಗೂ ಇಲ್ಲ. ವೈರುಗಳನ್ನು ನನ್ನ ಕೈಗೆ ಕೊಟ್ಟು, "ನೀವೇ ಹಾಕಿ ಸರ್" ಎಂದ. ಹಾಕಿದೆ. ಒಂದು, ಮೂರು, ನಾಲ್ಕು, ಎರಡು. ಕೀಲಿ ತಿರುಗಿಸಿದೆ. ಎರಡು ಸಲ ತಡವರಿಸಿ ಮೂರನೆಯ ಸಲಕ್ಕೆ ಎಂಜಿನು ಹಿಡಿಯಿತು. ಮೂವತ್ತು ವರ್ಷಗಳಿಂದ ಕೇಳದಿದ್ದ ಸದ್ದು ಕೇಳಿ ನನ್ನಾಕೆ ಅಡುಗೆ ಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು, ಒಲೆಯ ಹೊಗೆಯೆಂದಳು. ಗ್ಯಾಸಿನ ಒಲೆಗೆ ಹೊಗೆಯೆಲ್ಲಿಂದ!

ಲೆಕ್ಕ ಕೇಳುವವರಿಗಾಗಿ ಇಷ್ಟು: ತಗಡಿನ ಕೆಲಸಕ್ಕೆ 62,000, ಎಂಜಿನು, ಕಾರ್ಬುರೇಟರು, ರೇಡಿಯೇಟರಿಗೆ 48,500, ಬ್ರೇಕಿಗೆ 14,000, ಟೈರು ಟ್ಯೂಬಿಗೆ 21,000, ವೈರಿಂಗು ಬ್ಯಾಟರಿಗೆ 13,500, ಬಣ್ಣಕ್ಕೆ 24,000, ಸೀಟಿನ ರೆಕ್ಸಿನಿಗೆ 4,400. ಒಟ್ಟು 1,87,400 ರೂಪಾಯಿ. ಮಿತಿ ದಾಟಿತು. ಮಜೂರಿ ಬೇಡವೆಂದು ಅವನೂ ಹೇಳಲಿಲ್ಲ, ಕಡಿಮೆ ಮಾಡೆಂದು ನಾನೂ ಕೇಳಲಿಲ್ಲ. ಅದರಲ್ಲಿ ನಮ್ಮಿಬ್ಬರ ಮರ್ಯಾದೆಯೂ ಇತ್ತು.

ಕಾರು ಸದ್ಯ ನಮ್ಮ ತೋಟದ ರಸ್ತೆಯಲ್ಲಿ ಮಾತ್ರ ಓಡುತ್ತದೆ. ನೋಂದಣಿಯ ಅವಧಿ ಎಂದೋ ಮುಗಿದಿದೆ. 50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರಕಾರವು 2021ರಲ್ಲಿ 'ವಿಂಟೇಜ್' ನೋಂದಣಿಯ ನಿಯಮ ತಂದಿದೆ. ಮೂಲರೂಪ ಕೆಡದಿರಬೇಕು, ಮೆರವಣಿಗೆ, ಪ್ರದರ್ಶನ, ದುರಸ್ತಿಯಂತಹ ಕಾರಣಗಳಿಗಷ್ಟೇ ರಸ್ತೆಗೆ ಇಳಿಸಬಹುದು. ಸಾಮಾನ್ಯ ನವೀಕರಣ ಮಾಡಿಸಿದರೆ ದೇವಸ್ಥಾನಕ್ಕೂ ಮದುವೆಗೂ ಹೋಗಬಹುದು. ಆದರೆ 2022ರವರೆಗೆ 600 ರೂಪಾಯಿಯಿದ್ದ ಶುಲ್ಕವು ಆ ವರ್ಷ 5,000 ಆಗಿ, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ತಡವಾದುದಕ್ಕೆ ದಂಡ ಬೇರೆ. ಯಾವ ದಾರಿ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ನನ್ನ ವಿದ್ಯಾರ್ಥಿಗಳಾಗಿದ್ದ ಎಲ್ಲರಲ್ಲಿ ಒಂದು ಅರಿಕೆ. ಅವನೊಬ್ಬನನ್ನೇ ನಾನು ಬೆಂಚು ಹತ್ತಿಸಿದೆನೆಂದು ನಂಬುವಷ್ಟು ಮುಗ್ಧನಲ್ಲ ನಾನು. ನಿಮ್ಮ ಯಾವುದಾದರೂ ಪ್ರಶ್ನೆಯನ್ನು ಗದರಿ ಕೂರಿಸಿದ್ದರೆ, ಅದು ನಿಮಗಿನ್ನೂ ನೆನಪಿದ್ದರೆ, ದಯವಿಟ್ಟು ಕೇಳಿ. ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎನ್ನುತ್ತೇನೆ. ಆ ಕಡೆ ಬಂದರೆ ಮನೆಗೂ ಬನ್ನಿ. ರೈಲಿನಲ್ಲಾದರೆ ಕೋಡಿಂಬಾಳದಲ್ಲೇ ಇಳಿಯಬಹುದು. ಗೇಟಿನಿಂದ ಅಂಗಳದವರೆಗೆ ಫಿಯೆಟ್ಟಿನಲ್ಲಿಯೇ ಕರೆದುಕೊಂಡು ಬರುತ್ತೇನೆ.