ಘಟ್ಟ ಹತ್ತಿದವರ ಜಾಡು

ಹೊಸಂಗಡಿ ದಾಟಿದ ಮೇಲೆ ಬಸ್ಸಿನೊಳಗಿನ ಮಾತು ಕಡಿಮೆಯಾಯಿತು. ಬಾಳೆಬರೆ ಘಾಟಿಯ ತಿರುವುಗಳಲ್ಲಿ ಎಲ್ಲರೂ ಮುಂದಿನ ಸೀಟಿನ ಕಂಬಿ ಹಿಡಿದವರೇ. ಚಂಡಿಕಾಂಬಾ ಗುಡಿ ಬಂದಾಗ ಡ್ರೈವರ್ ವೇಗ ಇಳಿಸಿ ಒಂದು ಕೈ ಎದೆಗೆ ಒತ್ತಿಕೊಂಡ. ಏರು ಮುಗಿದಲ್ಲಿ ಹುಲಿಕಲ್. ಮಳೆಯ ವಿಷಯದಲ್ಲಿ ಹೆಸರು ಹೋಗಿರುವುದು ಆಗುಂಬೆಗೆ. ಎಷ್ಟೋ ವರ್ಷ ಅದನ್ನು ಮೀರಿ ಸುರಿಯುವುದು ಇಲ್ಲಿ.

1783ರ ಜನವರಿಯಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ ನಗರ ಎಂಬ ಊರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಕಿತ್ತುಕೊಂಡ. ಇದೆಲ್ಲ ಪುಸ್ತಕದಲ್ಲಿದೆ. ಅದಾಗಿ ನೂರು ವರ್ಷದ ಸುಮಾರಿಗೆ ನನ್ನ ಮುತ್ತಜ್ಜನ ಅಪ್ಪ ಕರಾವಳಿಯಿಂದ ಹತ್ತಿ ಬಂದದ್ದು ಯಾವ ಪುಸ್ತಕದಲ್ಲೂ ಇಲ್ಲ. ಕುಂದಾಪುರದ ಕಡೆ ಇದಕ್ಕೆ ‘ಘಟ್ಟಕ್ಕೆ ಹೋಗುವುದು’ ಎನ್ನುತ್ತಾರೆ. ಅಡಿಕೆ ಕೊಯ್ಲಿಗೆಂದು ಹೋದವರು ಮಳೆಗಾಲಕ್ಕೆ ಮುಂಚೆ ಇಳಿಯಬೇಕು. ಮುತ್ತಜ್ಜನ ಅಪ್ಪ ಇಳಿಯಲಿಲ್ಲ.

ಮಾಸ್ತಿಕಟ್ಟೆಯಲ್ಲಿ ದೊಡ್ಡಪ್ಪನ ಮಗ, ನನ್ನ ಅಣ್ಣ, ಬೈಕು ತಂದಿದ್ದ. ಮನೆಯಂಗಳದಲ್ಲೇ ದೊಡ್ಡಮ್ಮನ ಪ್ರಶ್ನೆ: “ಆಸ್ರಿಗೆ ಎಂತ ಮಾಡ್ಲಿ?” ಮಜ್ಜಿಗೆ ಕುಡಿಯುತ್ತ ವಂಶದ ಕಥೆ ಕೇಳಿದೆ. “ಅದೆಲ್ಲ ಯಾರು ಬರೆದಿಟ್ಟಿದಾರೆ ಮಾರಾಯ?” ಎಂದ ದೊಡ್ಡಪ್ಪ ಸಂಜೆಯವರೆಗೆ ನಿಲ್ಲಿಸಲಿಲ್ಲ.

ಮೊದಲು ಕಾಡು ಸವರಿದ್ದು, ಆಮೇಲೆ ಗುಡ್ಡದ ಅಬ್ಬಿಯಿಂದ ಅಡಿಕೆಮರದ ದಂಬೆಯಲ್ಲಿ ನೀರು ತಂದದ್ದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಇಲ್ಲದ ಕಾಲ; ಕರಡದ ಹುಲ್ಲಿನ ಕೊಟ್ಟೆಯನ್ನು ಒಂದೊಂದು ಕೊನೆಗೂ ಕಟ್ಟಬೇಕು. ಅದಕ್ಕಿಂತ ದೊಡ್ಡ ಶತ್ರು ಚಳಿಜ್ವರ. ಡಿಡಿಟಿ ಬರುವ ತನಕ ಮಲೆನಾಡಿನ ಮನೆಗಳನ್ನು ಅದು ಖಾಲಿ ಮಾಡುತ್ತಲೇ ಇತ್ತು. ನಮ್ಮಲ್ಲೂ ಒಂದು ತಲೆಮಾರಿನಲ್ಲಿ ಉಳಿದದ್ದು ಒಬ್ಬನೇ ಮಗ.

ಕೇಳುತ್ತಿದ್ದಾಗ ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ನೆನಪಾದಳು. ಕನ್ನಡಕ್ಕೂ ಬಂದ ಅವಳ ಪುಸ್ತಕಗಳನ್ನು ಶಾಲೆಯಲ್ಲಿದ್ದಾಗ ಓದಿದ್ದೆ. ಕಾನ್ಸಾಸ್ ಹುಲ್ಲುಗಾವಲಿನಲ್ಲಿ ಅವಳ ಮನೆಯವರೆಲ್ಲ ಒಟ್ಟಿಗೇ ಇದೇ ಜ್ವರದಲ್ಲಿ ಮಲಗುತ್ತಾರೆ. 1869ರಲ್ಲಿ ಅವರು ಹೋಗಿ ಮನೆ ಕಟ್ಟಿದ್ದು ಓಸೇಜ್ ಜನರ ನೆಲದಲ್ಲಿ. ನಮ್ಮ ಕಡೆಯೂ ಕಾಡು ಬರಿದಾಗಿರಲಿಲ್ಲ, ಹಸಲರೆಂಬ ಬುಡಕಟ್ಟಿನವರಿದ್ದರು. ದೊಡ್ಡಪ್ಪನ ಕಥೆಯಲ್ಲಿ ಅವರು ಜೇನು, ಸೀಗೆಕಾಯಿ ತಂದುಕೊಡಲು ಮಾತ್ರ ಬಂದು ಹೋದರು. ನಾನು ಕೆದಕಿ ಕೇಳಿದರೂ ಅದಕ್ಕಿಂತ ಹೆಚ್ಚು ಹೊರಡಲಿಲ್ಲ.

ಆದರೆ ಲಾರಾಳ ಅಪ್ಪನಿಗೆ ಸಿಕ್ಕಿದ್ದು ನಮ್ಮವರಿಗೆ ಸಿಗಲಿಲ್ಲ. ಅಮೆರಿಕದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದರೆ ನೆಲ ಸ್ವಂತ. ಡಕೋಟಾದಲ್ಲಿ 1880ರಲ್ಲಿ ಅರ್ಜಿ ಹಾಕಿದ ಚಾರ್ಲ್ಸ್ ಇಂಗಲ್ಸ್‌ಗೆ 1886ರಲ್ಲಿ ಪತ್ರ ಬಂತು. ಇಲ್ಲಿ ಕಾಡು ಕಡಿದು ತೋಟ ಎಬ್ಬಿಸಿದವನು ಒಕ್ಕಲು, ನೆಲ ಒಡೆಯರದು. ಗೇಣಿ ಅಳೆಯುವ ಕೊಳಗವೂ ಒಡೆಯರದೇ. ಆ ಕೊಳಗದ ಗಾತ್ರಕ್ಕೇ 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು, ಎಚ್. ಗಣಪತಿಯಪ್ಪ ಮುಂದಾಳು, ಸಮಾಜವಾದಿ ನಾಯಕ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಭೂಮಿ ಬಂದದ್ದು ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿಯಿಂದ. “ಡಿಕ್ಲರೇಶನ್ ಹಾಕಿದ್ವು” ಎನ್ನುವಾಗ ದೊಡ್ಡಪ್ಪ ಕುರ್ಚಿಯಲ್ಲಿ ಸ್ವಲ್ಪ ನೇರವಾದ. ಏಳನೇ ನಮೂನೆಯ ಅರ್ಜಿ, ಭೂ ನ್ಯಾಯಮಂಡಳಿಯ ಆದೇಶ ಎರಡೂ ಕಬ್ಬಿಣದ ಟ್ರಂಕಿನಿಂದ ಹೊರಬಂದವು.

ಮರುದಿನ ಆ ತೋಟ ನೋಡಲು ಹೋದೆವು. ನೋಡಲು ಸಿಕ್ಕಿದ್ದು ಮಾಣಿ ಜಲಾಶಯ. ವಾರಾಹಿ ಯೋಜನೆಗೆ ಕಟ್ಟಿದ ಅಣೆಕಟ್ಟೆಯ ನೀರು ಎಂಬತ್ತರ ದಶಕದಲ್ಲಿ ಏರಿತು. 1989ರಲ್ಲಿ ಘಟ್ಟದ ಕೆಳಗೆ, ಹೊಸಂಗಡಿಯ ಹತ್ತಿರ, ನೆಲದೊಳಗಿನ ವಿದ್ಯುದಾಗಾರ ಶುರುವಾಯಿತು. ಈಗ ಅದರ ಸಾಮರ್ಥ್ಯ 460 ಮೆಗಾವಾಟ್. ಸುಮಾರು ನೂರು ವರ್ಷ ಗೇಯ್ದ ತೋಟ ನಮ್ಮ ಹೆಸರಿನಲ್ಲಿದ್ದದ್ದು ಹತ್ತು ವರ್ಷದ ಆಸುಪಾಸು. ಮೇ ತಿಂಗಳಾದ್ದರಿಂದ ನೀರು ತಗ್ಗಿತ್ತು. ಕೆಂಪು ದಡದಲ್ಲಿ ದೊಡ್ಡಪ್ಪ ಕೋಲಿನಿಂದ ತೋರಿಸಿದ: ಅಲ್ಲಿ ಕಣ, ಅಲ್ಲಿ ನಾಗನ ಕಲ್ಲು. ನನಗೆ ಕಂಡದ್ದು ಬರೀ ಬೊಡ್ಡೆಗಳು.

ಮುಳುಗಡೆಗೆಂದು ಅಲ್ಲಿಂದ ಎಬ್ಬಿಸಿದ ಮೇಲೆ ಮನೆಯವರು ಇನ್ನೊಂದು ಕಾಡು ಸವರಿದರು. ಈಗಿನ ತೋಟಕ್ಕೆ ಮೂವತ್ತು ವರ್ಷ ದಾಟಿದೆ. ಪಹಣಿಯಲ್ಲಿ ಮಾತ್ರ ಇನ್ನೂ ಅರಣ್ಯ. ಶರಾವತಿ, ಚಕ್ರಾ, ವಾರಾಹಿ ಮುಳುಗಡೆಯ ಎಷ್ಟೋ ಮನೆಗಳ ಪಾಡು ಇದೇ. ಅಣ್ಣ ಸಾಲಕ್ಕೆ ಹೋದರೆ ಪಹಣಿ ಕೇಳುತ್ತಾರೆ. ಅವನ ಕೈಯಲ್ಲಿ ಸರಿಯಾದ ಕಾಗದ ಇರುವುದು ನೀರಿನಡಿಯ ತೋಟಕ್ಕೆ.

ಆ ಆದೇಶದ ಜೆರಾಕ್ಸ್ ನನಗೂ ಒಂದು ಬೇಕು ಎಂದೆ.

“ಬಸ್ಸಿಗೆ ಬಿಡುವಾಗ ಮಾಡಿಸುವ,” ಎಂದ ಅಣ್ಣ. “ಮಾಸ್ತಿಕಟ್ಟೆಲಿ ಕರೆಂಟಿದ್ರೆ.”