ಏಳು ವಾಷರ್

ಕೊಟ್ಟೂರಿನ ತೇರು ಹತ್ತಿರ ಬಂತೆಂದರೆ ನಮ್ಮವ್ವ ಒಂದು ಮಾತು ಹೇಳದೆ ಬಿಡುವುದಿಲ್ಲ. ಪಾದಯಾತ್ರೆಯ ಮಂದಿ ಮನೆ ಮುಂದೆ ಹಾಯುವಾಗ ಬಾಗಿಲಲ್ಲಿ ನಿಂತು ಕೈ ಮುಗಿದು, "ಹನ್ನೊಂದು ರೂಪಾಯಿ ಮುಡಿಪಿಗೆ ಮಗಳನ್ನ ಉಳಿಸಿಕೊಟ್ಟ ನಮ್ಮಪ್ಪ ಕೊಟ್ಟೂರೇಶ" ಅನ್ನುತ್ತಾಳೆ. ನಾನು ಒಳಗೆ ಹೋಗಿ ನೀರು ಕುಡಿಯುತ್ತೇನೆ. ಸುಮಾರು ಇಪ್ಪತ್ತೈದು ವರ್ಷದಿಂದ ಹೀಗೇ ನೀರು ಕುಡಿಯುತ್ತಿದ್ದೇನೆ.

ಆಗ ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನ ಊರು. ವಿಜಯನಗರ ಜಿಲ್ಲೆ ಎಂಬುದು ಯಾರ ತಲೆಯಲ್ಲೂ ಇರಲಿಲ್ಲ. ಅಪ್ಪನದು ಸೈಕಲ್ ಶಾಪು. ಅಲ್ಲಿಂದ ಕೂಗಳತೆಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ. ಬಾಗಿಲಿಗೆ ಕಂದು ಬಣ್ಣದ ಪರದೆ, ಒಳಗೆ ನಾಲ್ಕು ಡಬ್ಬಿ. ಒಂದು ರೂಪಾಯಿಗೆ ಒಂದು ಕಾಯಿನ್. ಕಾಯಿನ್ ಇಲ್ಲದವರೂ ಒಳಗೆ ಬರಬಹುದಿತ್ತು, ಆದರೆ ಆಡುವವರ ಮೊಣಕೈಗೆ ತಾಗದಂತೆ ಹಿಂದೆ ನಿಲ್ಲಬೇಕು. ನಾನು ಹೆಚ್ಚು ಕಾಲ ಕಳೆದದ್ದು ಹಾಗೆ ನಿಂತೇ.

ನಾಲ್ಕರಲ್ಲಿ ಮಂದಿ ಮುತ್ತುತ್ತಿದ್ದುದು ಒಂದಕ್ಕೆ ಮಾತ್ರ. ಅದರ ಅಸಲಿ ಹೆಸರು 'ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್'. ಆ ಹೆಸರನ್ನು ಅಲ್ಲಿ ಯಾರೂ ಉಚ್ಚರಿಸಿದ್ದು ನಾನು ಕೇಳಿಲ್ಲ. ಎಲ್ಲರಿಗೂ ಅದು 'ಮುಸ್ತಾಫ'. ಆಟದಲ್ಲಿ ನಾಲ್ವರು ನಾಯಕರು: ಜ್ಯಾಕ್, ಹ್ಯಾನಾ, ಮುಸ್ತಾಫ, ಮೆಸ್. ಹಳದಿ ಟೋಪಿಯ ಮುಸ್ತಾಫ ಓಡಿಬಂದು ಜಿಗಿದು ಒದ್ದರೆ ಎದುರಿನ ಸಾಲು ಸಾಲೇ ಮಲಗುತ್ತಿತ್ತು. ಕಾಯಿನ್ ಒಳಗೆ ಬೀಳುವ ಮೊದಲೇ ಜಗಳ: "ಲೇ, ಮುಸ್ತಾಫ ನಂದು!" ತಡವಾಗಿ ಬಂದವನಿಗೆ ಹ್ಯಾನಾ ಗತಿ. ಅದೇ ಕಾಲಕ್ಕೆ 'ಪ್ರೇಮದೇಶಂ' ತೆಲುಗಿನಲ್ಲಿ ಬಂದು, ಅದರ ಮುಸ್ತಾಫ ಹಾಡು ನಮ್ಮ ಕಡೆಯ ಟೇಪ್ ರೆಕಾರ್ಡರುಗಳಲ್ಲೆಲ್ಲ ಮೊಳಗುತ್ತಿತ್ತು. ಹಾಡಿನವನೂ ಆಟದವನೂ ಒಬ್ಬನೇ ಎಂದು ನಾವು ನಂಬಿದ್ದೆವು. ಒಂದು ಹೆಸರಿಗೆ ಇಷ್ಟು ಸಾಕ್ಷಿ ಸಾಲದೆ?

ಪಕ್ಕದ ಡಬ್ಬಿಯಲ್ಲಿ 'ಸ್ಟ್ರೀಟ್ ಫೈಟರ್ 2'. ಅದರಲ್ಲಿ ನಮ್ಮ ದೇಶದವನೊಬ್ಬನಿದ್ದ, ದಾಲ್ಸಿಮ್. ಕತ್ತಿಗೆ ತಲೆಬುರುಡೆಗಳ ಸರ, ರಬ್ಬರಿನಂತೆ ಉದ್ದವಾಗುವ ಕೈಕಾಲು, ಬಾಯಿಂದ ಬೆಂಕಿ, ಹಿಂದೆ ಸಾಲಾಗಿ ನಿಂತ ಆನೆಗಳು. ನಮ್ಮವನೆಂಬ ಅಭಿಮಾನಕ್ಕೆ ಎಲ್ಲರೂ ಒಂದೊಂದು ಸಲ ಅವನನ್ನು ಆರಿಸಿ, ಸೋತು, ಮತ್ತೆ ಅವನ ಹತ್ತಿರ ಹೋಗುತ್ತಿರಲಿಲ್ಲ. ಅವನು ಕಾದಾಡುವುದೇ ತನ್ನ ಊರಿನ ಬಡವರಿಗೆ ದುಡ್ಡು ಹೊಂದಿಸಲು ಎಂಬುದನ್ನು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದ ದಿನ ಸ್ವಲ್ಪ ನಾಚಿಕೆಯಾಯಿತು.

ಈ ಎರಡೂ ಒಂದೇ ಮನೆಯ ಮಕ್ಕಳು. ಪರದೆ ಬೆಳಗಿದಾಗ ಹಳದಿ ನೀಲಿ ಅಕ್ಷರದಲ್ಲಿ ಮೂಡುತ್ತಿದ್ದ ಕ್ಯಾಪ್‌ಕಾಮ್ ಎಂಬ ಹೆಸರು ನಮಗೆ ಸಿನಿಮಾ ಶುರುವಿಗೆ ಬರುವ ದೇವರ ಪಟದ ಹಾಗೆ. ಬಂದು ಹೋಗಬೇಕು ಅಷ್ಟೆ. ಅದು ಜಪಾನಿನ ಒಸಾಕದ ಕಂಪನಿ, 'ಕ್ಯಾಪ್ಸೂಲ್ ಕಂಪ್ಯೂಟರ್' ಎಂಬ ಮಾತನ್ನು ಕತ್ತರಿಸಿ ಮಾಡಿದ ಹೆಸರು. 1989ರಲ್ಲಿ 'ಫೈನಲ್ ಫೈಟ್', 1991ರಲ್ಲಿ 'ಸ್ಟ್ರೀಟ್ ಫೈಟರ್ 2', 1993ರಲ್ಲಿ ನಮ್ಮ ಮುಸ್ತಾಫ. ಅಮೆರಿಕದ ಮಾರ್ಕ್ ಶುಲ್ಟ್ಸ್ ಬರೆದ 'ಜೆನೊಜೋಯಿಕ್ ಟೇಲ್ಸ್' ಎಂಬ ಚಿತ್ರಕಥೆಯಿಂದ ಎತ್ತಿಕೊಂಡ ಆಟವದು. ಅಮೆರಿಕದವನ ಕಥೆ, ಜಪಾನಿನವರ ಯಂತ್ರ, ಕೈರೋ ಎಂಬ ಅಡ್ಡಹೆಸರಿನ ನಾಯಕ. ಕೊಟ್ಟೂರಿನಲ್ಲಿ ಮಿರ್ಚಿಯ ಎಣ್ಣೆ ಹತ್ತಿದ ಬೆರಳುಗಳು ಅವನನ್ನು ಕುಣಿಸುತ್ತಿದ್ದವು.

ಆ ವರ್ಷ ಚಳಿಗಾಲದಲ್ಲಿ ತಂಗಿಗೆ ಟೈಫಾಯ್ಡ್ ಬಂತು. ಮೂರು ವಾರ ಜ್ವರ ಇಳಿಯಲಿಲ್ಲ. ಅವ್ವ ಹಳದಿ ಬಟ್ಟೆಯಲ್ಲಿ ರೂಪಾಯಿಯ ಹನ್ನೊಂದು ನಾಣ್ಯ ಕಟ್ಟಿ ದೇವರ ಜಗಲಿಯ ಮೇಲಿಟ್ಟಳು. ಮಗಳು ಎದ್ದು ಓಡಾಡಿದರೆ ತೇರಿನ ದಿನ ಅವಳ ಕೈಯಿಂದಲೇ ಹುಂಡಿಗೆ ಹಾಕಿಸುತ್ತೇನೆ ಎಂಬ ಹರಕೆ. ಜ್ವರ ಇಳಿಯಿತು. ತಂಗಿ ಗೋಡೆ ಹಿಡಿದು ನಡೆಯತೊಡಗಿದಳು. ತೇರಿಗೆ ಇನ್ನೂ ದಿನಗಳಿದ್ದವು, ಗಂಟು ಜಗಲಿಯ ಮೇಲೆಯೇ ಇತ್ತು.

ಮೊದಲ ದಿನ ಎರಡು ತೆಗೆದೆ. ಮರುದಿನ ಇನ್ನೆರಡು. ಮೂರನೆಯ ದಿನ ಮೂರು. ತೆಗೆದಷ್ಟಕ್ಕೆ ಅಪ್ಪನ ಶಾಪಿನಿಂದ ವಾಷರ್ ತಂದು ತುಂಬಿದೆ. ಗಂಟನ್ನು ಅವ್ವ ಹಾಕಿದಂತೆಯೇ ಹಾಕಲು ಎರಡು ಸಲ ಬಿಚ್ಚಿ ಕಟ್ಟಬೇಕಾಯಿತು. ತಂಗಿ ಅಲ್ಲೇ ಕೌದಿ ಹೊದ್ದು ಮಲಗಿದ್ದಳು, ನಿದ್ದೆಯಲ್ಲಿದ್ದಳೆಂದು ಅಂದುಕೊಂಡೆ.

ಏಳು ರೂಪಾಯಿಯಲ್ಲಿ ನಾನು ಮೂರನೆಯ ಸ್ಟೇಜಿನವರೆಗೆ ಹೋದೆ. ಮೊದಲನೆಯದು ಪಟ್ಟಣ, ಎರಡನೆಯದರ ಕೊನೆಗೆ ಕತ್ತಿ ಬೀಸುವ ಕಟುಕ, ಮೂರನೆಯದರಲ್ಲಿ ಮರುಭೂಮಿಯ ನಡುವೆ ಕಾರು ಓಡಿಸಬೇಕು. ಅಲ್ಲಿ ಮೋಟರ್‌ಸೈಕಲ್ಲಿನ ಹಾಗ್ ಎಂಬುವನ ಕೈಲಿ ಸತ್ತೆ. 'ಮುಂದುವರಿಸುವೆಯಾ' ಎಂದು ಒಂಬತ್ತರಿಂದ ಅಂಕಿ ಇಳಿಯತೊಡಗಿತು. ಮನೆಯಲ್ಲಿ ಇನ್ನೂ ನಾಲ್ಕು ನಾಣ್ಯ ಇವೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಂಕಿ ಸೊನ್ನೆಗೆ ಬಂದಾಗ ಮೊದಲ ಬಾರಿಗೆ ಹೆದರಿಕೆಯಾಯಿತು, ಆಟಕ್ಕಲ್ಲ.

ತೇರಿನ ದಿನ ಅವ್ವ ಗಂಟನ್ನು ಮೂವರ ಕಣ್ಣಿಗೂ ಒತ್ತಿದಳು. ನನ್ನ ಕಣ್ಣಿಗೆ ಒತ್ತುವಾಗ ಬಟ್ಟೆಯೊಳಗಿನ ವಾಷರಿನ ತೂತು ರೆಪ್ಪೆಗೆ ತಾಗಿದಂತಾಯಿತು. ನೂಕುನುಗ್ಗಲಲ್ಲಿ ತಂಗಿಯನ್ನು ಎತ್ತಿ ಹುಂಡಿಗೆ ನಿಲುಕಿಸಿದವನು ನಾನೇ. ಹೊರಗೆ ತೇರು ಎಳೆಯುತ್ತಿದ್ದರು, ಬಾಳೆಹಣ್ಣು ಹಾರುತ್ತಿದ್ದವು. ಗಂಟು ಬಿದ್ದ ಸದ್ದು ನನಗೊಬ್ಬನಿಗೇ ಕೇಳಿಸಿತು.

ಆಮೇಲೆ ವರ್ಷಗಟ್ಟಲೆ ತಂಗಿ ರಾತ್ರಿ ಕೆಮ್ಮಿದರೆ ನಾನು ಎದ್ದು ಕೂರುತ್ತಿದ್ದೆ. ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ತಂಗಿಯ ಮೇಲೆ ಎಂಥ ಪ್ರೀತಿ ಎಂದು ಓಣಿಯವರೆಲ್ಲ ಹೊಗಳಿದರು. ಹೊಗಳಿಕೆ ಬೇಡವೆನ್ನಲು ಬಾಯಿ ಬರಲಿಲ್ಲ. ಪರದೆಯ ಅಂಗಡಿಗೆ ಮತ್ತೆ ಕಾಲಿಡಲಿಲ್ಲ. ಅದು ಯಾವಾಗ ಮುಚ್ಚಿ ಎಸ್‌ಟಿಡಿ ಬೂತ್ ಆಯಿತೋ ಗಮನಿಸಲೂ ಇಲ್ಲ.

ಮುಸ್ತಾಫನ ಕಥೆಯನ್ನು ಪೂರ್ತಿ ಓದಿದ್ದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ನಾವು ಡೈನೋಸಾರುಗಳನ್ನು ಶತ್ರುಗಳೆಂದು ತಿಳಿದು ಸಿಕ್ಕಿದ್ದನ್ನೆಲ್ಲ ಒದ್ದಿದ್ದೆವು. ಅಸಲಿಗೆ ಆ ನಾಲ್ವರು ಕಾದಾಡುವುದು ಡೈನೋಸಾರುಗಳನ್ನು ಬೇಟೆಗಾರರಿಂದ ಉಳಿಸಲು. ಇಂಗ್ಲಿಷ್ ಓದಲು ಬಾರದ ನಾವು ಕಾಯಬೇಕಾದ್ದನ್ನೇ ಹೊಡೆಯುತ್ತಿದ್ದೆವು. ಈಗ ಕ್ಯಾಪ್‌ಕಾಮ್‌ನವರು ಹಳೆಯ ಆಟಗಳನ್ನು ಒಟ್ಟು ಮಾಡಿ ಮತ್ತೆ ಮಾರುತ್ತಾರೆ. 2018ರಲ್ಲಿ ಇಂಥ ಹೊಡೆದಾಟದ ಏಳು ಆಟಗಳ ಕಟ್ಟೊಂದು ಬಂತು. 'ಫೈನಲ್ ಫೈಟ್' ಇತ್ತು, ಮುಸ್ತಾಫ ಇರಲಿಲ್ಲ. ಏಳು ಎಂಬ ಅಂಕಿ ನೋಡಿ ನಾನು ಫೋನು ಕೆಳಗಿಟ್ಟೆ.

ಹೋದ ವರ್ಷ ತೇರಿಗೆ ತಂಗಿ ಹಡಗಲಿಯಿಂದ ಮಕ್ಕಳೊಡನೆ ಬಂದಿದ್ದಳು. ರಾತ್ರಿ ಮಾಳಿಗೆ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಎಲ್ಲ ಹೇಳಿಬಿಟ್ಟೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

"ನಾ ನೋಡಿದ್ನೆಲ್ಲಣ್ಣ. ಕೌದಿಯೊಳಗಿಂದ. ವಾಷರ್ ಹಾಕೋದು ನೋಡಿ, ಹಾಗೇ ಇರ್ತೈತೇನೋ ಅನ್ಕಂಡಿದ್ದೆ" ಅಂದಳು. ಆಮೇಲೆ, "ನನ್ನ ಜ್ವರದ ದುಡ್ಡಾಗ ಎಷ್ಟನೇ ಸ್ಟೇಜಿಗೆ ಹೋಗಿದ್ದಿ?"

"ಮೂರು."

"ಮೂರೇನಾ? ಥೂ!" ಎಂದು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ, "ಅವ್ವಗ ಹೇಳಬ್ಯಾಡ" ಅಂದಳು.

ಬೆಳಿಗ್ಗೆ ಪಾದಯಾತ್ರೆಯ ಮಂದಿ ಹಾದುಹೋದರು. ಅವ್ವ ಬಾಗಿಲಲ್ಲಿ ನಿಂತು ಹನ್ನೊಂದು ರೂಪಾಯಿಯ ಮಾತು ಹೇಳಿದಳು. ನಾನು ನೀರು ಕುಡಿಯಲು ಒಳಗೆ ಹೋದೆ. ಅಲ್ಲಿ ತಂಗಿ ಆಗಲೇ ಚೊಂಬು ಹಿಡಿದು ನಿಂತಿದ್ದಳು.